ಭಾನುವಾರದ ಹೊಟ್ಟೆ… ವಿಲನ್ ಗೋಧಿನೋ, ಬೇರೆ ಯಾರೋ?

ಪರದೆ ಮೇಲೆ ಹೀರೋ ಶರ್ಟು ಬಿಚ್ಚಿದ. ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೂ ಶಿಳ್ಳೆಯೋ ಶಿಳ್ಳೆ! ಮಾರನೇ ದಿನ ಬೆಳಿಗ್ಗೆ ಐದಕ್ಕೇ ಜಿಮ್ಮಿನ ಬಾಗಿಲಲ್ಲಿ ಹುಡುಗರ ಸಾಲು…

ತಪ್ಪೇನಿಲ್ಲ ಬಿಡಿ. ಆದರೆ ಆ ಹೊಟ್ಟೆಯ ಹಿಂದಿನ ಕಥೆಯನ್ನ ಹೀರೋಗಳೇ ಹೇಳಿದ್ದಾರೆ, ಅದನ್ನೂ ಕೇಳಿ. ಹಾಲಿವುಡ್ಡಿನ ಜಾಕ್ ಎಫ್ರಾನ್ 2017ರ 'ಬೇವಾಚ್' ಚಿತ್ರದಲ್ಲಿ ಕಲ್ಲಿನಲ್ಲಿ ಕಡೆದ ಹಾಗಿದ್ದ. ಐದು ವರ್ಷದ ನಂತರ, 2022ರಲ್ಲಿ, ಪತ್ರಿಕೆಯೊಂದರ ಮುಂದೆ ಬಾಯಿಬಿಟ್ಟ. ಮೈಯ ನೀರು ಇಳಿಸೋಕೆ ಜೋರಾದ ಮಾತ್ರೆ ನುಂಗಿದ್ದನಂತೆ. ಮಿತಿಮೀರಿ ಸಾಮು ಮಾಡಿ ನಿದ್ದೆ ಕೆಟ್ಟಿತು, ಮನಸ್ಸು ಕುಗ್ಗಿತು, ಸುಧಾರಿಸಿಕೊಳ್ಳೋಕೆ ತಿಂಗಳುಗಳೇ ಹಿಡಿದವು. ವುಲ್ವರಿನ್ ಪಾತ್ರದ ಹ್ಯೂ ಜಾಕ್‌ಮನ್ ಹೇಳಿದ್ದೂ ಇದೇ ರಾಗ: ಶರ್ಟಿಲ್ಲದ ದೃಶ್ಯಕ್ಕೆ ಮುಂಚೆ ಸುಮಾರು ಒಂದೂವರೆ ದಿನ ನೀರೇ ಬಿಡುತ್ತಿದ್ದನಂತೆ! ಅಂದರೆ ನೀವು ಶಿಳ್ಳೆ ಹೊಡೆದದ್ದು ಒಂದು ಶಾಟ್‌ಗೆಂದು ಒಣಗಿಸಿಟ್ಟ ಹೊಟ್ಟೆಗೆ. ಕ್ಯಾಮೆರಾ ನಿಂತ ಮೇಲಿನ ಹೊಟ್ಟೆಯನ್ನ ಯಾರೂ ತೋರಿಸೋದಿಲ್ಲ.

ಇದನ್ನೆಲ್ಲ ಬರೆಯೋಕೆ ಕಾರಣ ಒಬ್ಬ ಹುಡುಗ. ಫೈಟ್ ಗುಂಪಿನಲ್ಲಿ ಹೀರೋ ಕೈಲಿ ಹೊಡೆತ ತಿಂದು ಹಾರಿ ಬೀಳೋದು ಅವನ ಕೆಲಸ. ಹೆಸರು ಬೇಡ, ಅವನ ಚಾನ್ಸು ತಪ್ಪೀತು. ಮುಂದಿನ ಚಿತ್ರದಲ್ಲಿ ಶರ್ಟಿಲ್ಲದೆ ನಿಲ್ಲೋ ಒಂದು ಪಾತ್ರ ಸಿಗೋ ಹಾಗಿದೆಯಂತೆ.

"ಅಣ್ಣಾ, ಗ್ಲುಟೆನ್ ಬಿಟ್ಟು ಮೂರು ತಿಂಗಳಾಯ್ತು. ಚಪಾತಿ ಇಲ್ಲ, ಪೂರಿ ಇಲ್ಲ, ಪರೋಟ ಮೂಸಿ ನೋಡಿಲ್ಲ. ಆರು ದಿನ ಹೊಟ್ಟೆ ಹಲಗೆ ಥರ ಇರುತ್ತೆ. ಭಾನುವಾರ ರಜಾ ಹಾಕಿದ್ನೋ, ಸಾಯಂಕಾಲಕ್ಕೆ ಬಲೂನು! ಅದಕ್ಕೇ ಈಗ ಭಾನುವಾರಾನೂ ಬಿಡ್ತಾ ಇಲ್ಲ" ಅಂದ.

ಕಣ್ಣು ಗುಳಿ ಬಿದ್ದಿತ್ತು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಮಹಡಿ ಎತ್ತರದಿಂದ ಹಾರುವವನಿಗೆ ಈ ಅವಸ್ಥೆ!

ಏನು ತಿಂತೀಯಪ್ಪಾ ಅಂದೆ. ಪಟ್ಟಿ ಕೇಳಿ: ಹಾಲಿಗೆ ಹಾಕಿದ ಪ್ರೋಟೀನ್ ಪುಡಿ ದಿನಕ್ಕೆ ಎರಡು ಲೋಟ, ಹಸಿ ಕಡಲೆಕಾಳು ಒಂದು ಬೊಗಸೆ, ಸಕ್ಕರೆ ಇಲ್ಲದ ಪ್ರೋಟೀನ್ ಬಾರು, ದುಬಾರಿ ಗ್ಲುಟೆನ್ ಫ್ರೀ ಬ್ರೆಡ್ಡು. ಭಾನುವಾರ ಇದೆಲ್ಲದರ ಮೇಲೆ ಅಮ್ಮನ ಹುರಳಿ ಬಸ್ಸಾರು, ಮುದ್ದೆ, ಈರುಳ್ಳಿ ಬೆಳ್ಳುಳ್ಳಿ ಧಾರಾಳವಾಗಿ ಬಿದ್ದ ಕೋಳಿ ಸಾರು. ಉಂಡು ಟೀವಿ ಮುಂದೆ ಅಂಗಾತ!

ನಾನು ಪಿಯುಸಿಗೇ ಪುಸ್ತಕ ಮುಚ್ಚಿದವನು, ಡಾಕ್ಟರಲ್ಲ. ಆದರೂ ಈ ಪಟ್ಟಿಯಲ್ಲಿ ಗ್ಯಾಸು ಎಲ್ಲಿಂದ ಬಂತು ಅಂತ ಕಾಣೋಕೆ ಡಿಗ್ರಿ ಬೇಕಿಲ್ಲ. ಹಾಲಿನ ಸಕ್ಕರೆ ಎಷ್ಟೋ ಜನಕ್ಕೆ ಅರಗೋದಿಲ್ಲ. ಕಡಲೆ, ಹುರಳಿಯಲ್ಲಿರೋ ಕೆಲವು ಸಕ್ಕರೆಗಳೂ ಸಣ್ಣ ಕರುಳಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಬಾಯಿಗೆ ಬಿದ್ದು ಗಾಳಿಯಾಗುತ್ತವೆ. ನೆನೆಸಿದ ನೀರು ಚೆಲ್ಲಿ ಬೇಯಿಸಿದರೆ ಅಷ್ಟು ಕಾಟವಿಲ್ಲ. ಬಾರಿನಲ್ಲಿ ಸಕ್ಕರೆ ಬದಲು ಹಾಕೋ ಮಾಲ್ಟಿಟಾಲ್, ಸಾರ್ಬಿಟಾಲ್‌ಗಳದ್ದೂ ಅದೇ ಆಟ. ಇನ್ನು ಗ್ಲುಟೆನ್ ಇಲ್ಲದ ಬ್ರೆಡ್ಡು ಪುಡಿಪುಡಿಯಾಗದಿರಲಿ ಅಂತ ಗೋರಿಕಾಯಿ ಬೀಜದ ಅಂಟು, ಇನ್ಯುಲಿನ್ ಅನ್ನೋ ನಾರು ಸೇರಿಸೋದುಂಟು. ಇನ್ಯುಲಿನ್ ಅಂದರೆ ಗ್ಯಾಸಿಗೆ ಆಮಂತ್ರಣ ಪತ್ರಿಕೆ!

ಗಾಳಿ ಒಂದಾಯ್ತು. ಎರಡನೆಯದು ನೀರು. ಸ್ನಾಯು ತನ್ನ ಶಕ್ತಿಯನ್ನ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಉಳಿಯುತ್ತೆ. ರಜಾ ದಿನ ಉಂಡಿದ್ದು ಖರ್ಚಾಗದೆ ಉಗ್ರಾಣ ತುಂಬುತ್ತೆ, ಮೈ ಕೊಂಚ ತುಂಬಿಕೊಂಡ ಹಾಗೆ ಕಾಣುತ್ತೆ, ತಕ್ಕಡಿ ಮುಳ್ಳು ಮೇಲೇರುತ್ತೆ. ಅದು ಕೊಬ್ಬಲ್ಲ ಮಾರಾಯ್ರೆ, ಸೋಮವಾರದ ಬಸ್ಕಿಗೆ ಮದ್ದುಗುಂಡು! ಸ್ನಾಯು ಕಟ್ಟೋ ಕೆಲಸ ಜೋರು ಸಾಮಿನ ನಂತರವೂ ಒಂದೆರಡು ದಿನ ನಡೀತಲೇ ಇರುತ್ತೆ. ರಜಾ ಕಿತ್ತುಕೊಂಡರೆ ಕಟ್ಟೋ ಮೇಸ್ತ್ರಿಗೇ ಗೇಟ್‌ಪಾಸ್ ಕೊಟ್ಟ ಹಾಗೆ. ಹಾಗಂತ ಅಂಗಾತ ಬೀಳೋದೂ ಬೇಡ. ಉಂಡ ಮೇಲೆ ಅರ್ಧ ಗಂಟೆ ಸುಮ್ಮನೆ ನಡೆದರೆ ಕರುಳಿನ ಗಾಳಿ ಮುಂದಕ್ಕೆ ಸಾಗುತ್ತೆ.

"ಮತ್ತೆ ಜೊಕೊವಿಚ್?" ಅಂದ ಹುಡುಗ. ಜಿಮ್ಮಿನಲ್ಲಿ ಎಲ್ಲರ ಬಾಯಲ್ಲೂ ಇದೇ ಹೆಸರು. ನಿಜ, 2010ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸುಸ್ತಾಗಿ ಸೋತ ಟೆನಿಸ್ ವೀರ ಗ್ಲುಟೆನ್ ಬಿಟ್ಟ, 2011ರಲ್ಲಿ ಮೂರು ಗ್ರ್ಯಾಂಡ್ ಸ್ಲಾಂ ಗೆದ್ದ. ಆದರೆ ಮೊದಲ ಪರೀಕ್ಷೆ ಹೇಗೆ ಮಾಡಿದರು ಗೊತ್ತೇ? ಒಂದು ಚೂರು ಬ್ರೆಡ್ಡನ್ನ ಹೊಟ್ಟೆಗೆ ಹಿಡಿದು, ಇನ್ನೊಂದು ಕೈಯ ಬಲ ಕುಗ್ಗುತ್ತದೋ ಅಂತ ನೋಡಿದ್ದು! ಅವನೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ವೈದ್ಯಶಾಸ್ತ್ರ ಇದನ್ನ ಒಪ್ಪೋದಿಲ್ಲ.

ಅದಕ್ಕಿಂತ ನಾರ್ವೆಯವರ ಪರೀಕ್ಷೆ ಒಳ್ಳೆ ಸಸ್ಪೆನ್ಸ್ ಚಿತ್ರದ ಹಾಗಿದೆ. ಫಲಿತಾಂಶ 2018ರಲ್ಲಿ ಅಚ್ಚಾಯಿತು. ಸೀಲಿಯಾಕ್ ಕಾಯಿಲೆ ಇಲ್ಲದಿದ್ದರೂ ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಜನಕ್ಕೆ ಒಂದೇ ಥರ ಕಾಣೋ ಮೂರು ಬಗೆ ಬಾರು ಕೊಟ್ಟರು, ಒಂದೊಂದನ್ನೂ ಏಳೇಳು ದಿನ. ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರಕ್ಟಾನ್, ಒಂದರಲ್ಲಿ ಎರಡೂ ಇಲ್ಲ. ಯಾವುದರಲ್ಲಿ ಏನಿದೆ ಅಂತ ತಿನ್ನುವವರಿಗೆ ಗೊತ್ತಿಲ್ಲ. ಕ್ಲೈಮ್ಯಾಕ್ಸ್ ಏನು? ಗ್ಲುಟೆನ್ ತಿಂದಾಗ ಹೆಚ್ಚು ಒದ್ದಾಡಿದವರು 13 ಜನ, ಫ್ರಕ್ಟಾನ್ ತಿಂದಾಗ 24. ಏನೂ ಇಲ್ಲದ ಬಾರು ತಿಂದು ಒದ್ದಾಡಿದವರು 22! ಫ್ರಕ್ಟಾನ್ ಗೋಧಿಯಲ್ಲೂ ಇದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ನಮ್ಮ ಹುಡುಗನ ಕೋಳಿ ಸಾರು ನೆನಪಾಯಿತೇ?

ಇಷ್ಟಂದ ಮಾತ್ರಕ್ಕೆ ಗ್ಲುಟೆನ್ ತೊಂದರೆಯೇ ಸುಳ್ಳು ಅಂತ ತಿಳೀಬೇಡಿ. ಸೀಲಿಯಾಕ್ ನಿಜವಾದ ಕಾಯಿಲೆ. ಗೋಧಿ, ಬಾರ್ಲಿಯ ಗ್ಲುಟೆನ್ ಒಳಗೆ ಹೋದರೆ ದೇಹ ತನ್ನ ಸಣ್ಣ ಕರುಳನ್ನೇ ಕೆಡಿಸಿಕೊಳ್ಳುತ್ತೆ. ರಕ್ತ ಕಮ್ಮಿ, ನಿಲ್ಲದ ಭೇದಿ, ಇಳಿಯೋ ತೂಕ… 2016ರಲ್ಲಿ ಅಚ್ಚಾದ ಸಮೀಕ್ಷೆಯ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರ ಆಸುಪಾಸು, ನಮ್ಮ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು. ಕಮ್ಮಿ ಅಂತ ಉದಾಸೀನ ಬೇಡ, ಆ ಒಬ್ಬ ನೀವೇ ಆಗಿದ್ದರೆ?

ಇಲ್ಲೊಂದು ತಿರುವು ಇದೆ, ಗಮನವಿಟ್ಟು ಓದಿ. ಇದಕ್ಕೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಬೇಕಾದರೆ ಎಂಡೋಸ್ಕೋಪಿ. ಆದರೆ ಪರೀಕ್ಷೆ ಹೊತ್ತಿಗೆ ನೀವು ಗೋಧಿ ತಿನ್ನುತ್ತಾ ಇರಬೇಕು! ಮೊದಲೇ ಬಿಟ್ಟು ತಿಂಗಳುಗಳಾದ ಮೇಲೆ ಹೋದರೆ ಕಾಯಿಲೆ ಇದ್ದರೂ ರಿಪೋರ್ಟು ಏನೂ ಇಲ್ಲ ಅನ್ನಬಹುದು. ಅನುಮಾನ ಇದ್ದವರು ಬಿಡೋಕೆ ಮುಂಚೆಯೇ ಡಾಕ್ಟರನ್ನ ಕಾಣಿ. ನಮ್ಮ ಹುಡುಗ ಬಿಟ್ಟಾಗಿದೆ. ಮತ್ತೆ ಎಷ್ಟು ವಾರ ಚಪಾತಿ ತಿನ್ನಬೇಕು ಅಂತ ಡಾಕ್ಟರೇ ಹೇಳಬೇಕು. ಕಳಿಸಿದ್ದೇನೆ. ಭುಜಾನೂ ತೋರಿಸ್ಕೋ ಅಂದಿದ್ದೇನೆ.

ನಿಜವಾಗಿ ಸೀಲಿಯಾಕ್ ಇದ್ದವರಿಗೆ ನಮ್ಮ ನಾಡಿನಲ್ಲಿ ಊಟಕ್ಕೇನೂ ಬರವಿಲ್ಲ. ಮುದ್ದೆ, ಜೋಳದ ರೊಟ್ಟಿ, ಅನ್ನ, ನವಣೆ, ಸಜ್ಜೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ದುಬಾರಿ ಬ್ರೆಡ್ಡಿನ ಹಂಗೇ ಬೇಡ. ಕಷ್ಟ ಇರೋದು ಕದ್ದು ಕೂತ ಗೋಧಿಯಲ್ಲಿ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಎಷ್ಟೋ ಡಬ್ಬಿಗಳಲ್ಲಿ ಮೈದಾ ಬೆರೆತಿರುತ್ತೆ. ಒಂದೇ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ರಾಗಿ ಹಾಕಿದರೆ ಅದೂ ಕೆಟ್ಟಿತು. ಗೋಬಿ ಮಂಚೂರಿಯ ಹಿಟ್ಟಿನಲ್ಲಿ ಮೈದಾ, ಅದರ ಸೋಯಾ ಸಾಸಿನಲ್ಲೂ ಬಹುತೇಕ ಗೋಧಿ. ಬಿಯರು ಬಾರ್ಲಿಯದ್ದು. ಈ ಕೊನೇ ಮಾತು ಕೇಳಿದಾಗಲೇ ಜಿಮ್ಮಿನಲ್ಲಿ ಹೆಚ್ಚು ಮುಖಗಳು ಸಪ್ಪಗಾದದ್ದು.