ಆಗದವರು ಯಾರು, ಒಲ್ಲದವರು ಯಾರು?

ಬಡ್ಡಿಯಿಲ್ಲದ ಸಾಲವೆಂಬುದು ನಮ್ಮ ಬೆಳೆಗಾರ ಬಾಂಧವರಿಗೆ ಹೊಸದೇನಲ್ಲ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023ರಲ್ಲಿ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಆದರೆ ಈ ಸೌಲಭ್ಯ ಗಡುವಿನೊಳಗೆ ಸಾಲ ತೀರಿಸಿದವರಿಗೆ ಮಾತ್ರ. ಗಡುವು ದಾಟಿತೋ, ಬಡ್ಡಿ ಬಂದು ಕೂಡುತ್ತದೆ. ಕೊಳೆರೋಗದಿಂದ ಅಡಿಕೆಯ ಫಸಲೆಲ್ಲ ಉದುರಿಹೋದವನಿಗೂ, ಕಾಫಿ ಮಾರಿದ ಹಣ ಕೈಯಲ್ಲಿದ್ದೂ ಸಂಘದ ಕಡೆ ಸುಳಿಯದವನಿಗೂ ಒಂದೇ ಲೆಕ್ಕ.

ಇವರಿಬ್ಬರಿಗೂ ಇರುವ ವ್ಯತ್ಯಾಸವನ್ನು ನಿಯಮದಲ್ಲಿಯೇ ಗುರುತಿಸಿರುವುದು ಇಸ್ಲಾಮೀ ಪದ್ಧತಿಯ ಉಳಿತಾಯ ಮತ್ತು ಸಾಲ ಸಹಕಾರ ಸಂಘಗಳ ವಿಶೇಷ. ಇಂಡೋನೇಷ್ಯಾದಲ್ಲಿ ಇಂತಹ ಸಂಘಗಳು ಸಣ್ಣ ವ್ಯಾಪಾರಿಗಳಿಗೂ ರೈತರಿಗೂ ನೆರವಾಗುತ್ತಿವೆ. ಅಲ್ಲಿ ಬಹಳ ಬಳಕೆಯಲ್ಲಿರುವ ಕ್ರಮಕ್ಕೆ ‘ಮುರಾಬಹಾ’ ಎಂದು ಹೆಸರು. ಸದಸ್ಯನಿಗೆ ಬೇಕಾದ ವಸ್ತುವನ್ನು ಸಂಘವೇ ಕೊಂಡು, ತನ್ನ ಲಾಭವನ್ನು ಮೊದಲೇ ತಿಳಿಸಿ, ಕಂತಿನ ಮೇಲೆ ಮಾರುತ್ತದೆ. ಒಮ್ಮೆ ಗೊತ್ತುಪಡಿಸಿದ ಬೆಲೆ, ಕಂತು ತಡವಾಯಿತೆಂದು ಬೆಳೆಯುವಂತಿಲ್ಲ.

ಹಾಗಾದರೆ ಕೊಡದೆ ಸತಾಯಿಸುವವನಿಗೆ ಅಂಕುಶವೇನು? ಅಲ್ಲಿನ ರಾಷ್ಟ್ರೀಯ ಷರೀಅ ಮಂಡಳಿಯು 2000ದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಶಕ್ತಿಯಿದ್ದೂ ಬೇಕೆಂದೇ ತಡಮಾಡುವವನಿಗೆ ದಂಡ ವಿಧಿಸಬಹುದು. ಆದರೆ ಆ ಹಣ ಸಂಸ್ಥೆಯ ಆದಾಯವಾಗದೆ ಸಮಾಜಸೇವೆಯ ನಿಧಿಗೆ ಸೇರಬೇಕು. ಕೈಮೀರಿದ ಕಾರಣದಿಂದ ಕೊಡಲಾಗದವನಿಗೆ ದಂಡವಿಲ್ಲ. ಅಂಥವನ ಕಂತುಗಳನ್ನು ಬಾಕಿ ಮೊತ್ತ ಏರಿಸದೆ ಮುಂದಕ್ಕೆ ಹೊಂದಿಸಿಕೊಡಬಹುದೆಂದು 2005ರ ನಿರ್ಣಯ ತಿಳಿಸುತ್ತದೆ.

ಕನಿಕರವೊಂದರಿಂದಲೇ ಸಂಘ ನಡೆಯದು ಎಂಬುದೂ ಅಷ್ಟೇ ನಿಜ. ಬೆಂಗಳೂರಿನ ತ್ಯಾಗರಾಜನಗರಕ್ಕೆ ಸಮೀಪದ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಠೇವಣಿದಾರರು ತೆಗೆಯಬಹುದಾದ ಹಣ ಮೊದಲಿಗೆ ಕೇವಲ 35,000 ರೂಪಾಯಿ! ನಿವೃತ್ತರು ಬ್ಯಾಂಕಿನ ಬಾಗಿಲಲ್ಲಿ ಕಾಯಬೇಕಾಯಿತು. ದೊಡ್ಡ ಸಾಲಗಳು ಮರಳದಿದ್ದರೆ ಪೆಟ್ಟು ಬೀಳುವುದು ಸಣ್ಣವರ ಗಂಟಿಗೇ.

ನಮ್ಮ ಸಂಘಗಳು ಮನಬಂದಂತೆ ಬಡ್ಡಿ ಬಿಡುವಂತಿಲ್ಲ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಿಂದ ತಂದ ಹಣಕ್ಕೆ ಉತ್ತರ ಹೇಳಬೇಕು. ಆದರೆ ಆಗದವರನ್ನೂ ಒಲ್ಲದವರನ್ನೂ ಬೇರ್ಪಡಿಸುವ ವಿವೇಕಕ್ಕೆ ಯಾವ ಅಡ್ಡಿಯೂ ಇಲ್ಲ. ಫಸಲು ಕೆಟ್ಟ ಸದಸ್ಯನು ಗಡುವಿಗೆ ಮುಂಚೆಯೇ ಅರ್ಜಿ ಕೊಡಲಿ. ಆಡಳಿತ ಮಂಡಳಿಯ ಇಬ್ಬರು ತೋಟ ನೋಡಿ ಬರಲಿ. ಅವಧಿ ವಿಸ್ತರಿಸುವ ಅವಕಾಶವಿದ್ದಲ್ಲಿ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆದು ವಿಸ್ತರಿಸಲಿ. ಶಕ್ತಿಯಿದ್ದೂ ಕೊಡದವನ ಮೇಲೆ, ಆತ ನಿರ್ದೇಶಕರ ನೆಂಟನಾದರೂ ಸರಿಯೆ, 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನಂತೆ ದಾವೆ ಹೂಡಲು ಹಿಂಜರಿಯಬಾರದು.

ಬಾಕಿದಾರರ ಪಟ್ಟಿ ಮುಂದಿನ ಸಭೆಗೆ ಬಂದಾಗ ಮೊತ್ತದ ಪಕ್ಕದಲ್ಲಿ ಕಾರಣದ ಕಾಲಮೂ ಇರಲೆಂದು ಸದಸ್ಯರು ಕೇಳಬೇಕು. ಅದು ಅವರ ಹಕ್ಕು.