‘ಮುಖದ ಬಣ್ಣ’ ಯಾವುದು? ಮಕ್ಕಳು ಮೈಬಣ್ಣ ಗಮನಿಸಿದಾಗ ದೊಡ್ಡವರು ಹೇಳಬೇಕಾದ ಮಾತು

ಎರಡು-ಮೂರು ವರ್ಷದ ಮಗು ಬಣ್ಣಗಳನ್ನು ಗುರುತಿಸಲು ಕಲಿಯುತ್ತದೆ. ಕೆಂಪು ಲಂಗ, ಹಸಿರು ಎಲೆ, ಬಿಳಿ ಹಸು, ಕರಿ ಎಮ್ಮೆ ಎಂದು ತೋರಿಸಿ ಹೇಳಿದರೆ ಮನೆಯವರೆಲ್ಲ ಹಿಗ್ಗುತ್ತಾರೆ. ಅದೇ ಮಗು ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ಬಸ್ಸಿನಲ್ಲಿ ಎದುರಿಗೆ ಕುಳಿತವರನ್ನು ತೋರಿಸಿ, “ಅಮ್ಮಾ, ಆ ಅಜ್ಜಿ ಯಾಕೆ ಅಷ್ಟು ಕಪ್ಪಗವ್ರೆ?” ಎಂದು ಕೇಳಿದರೆ ತಾಯಿಯ ಕೈ ಮಗುವಿನ ಬಾಯಿ ಮುಚ್ಚುತ್ತದೆ. ಮಗು ಎರಡು ಸಲವೂ ಮಾಡಿದ್ದು ಒಂದೇ ಕೆಲಸ. ನೋಡಿತು, ಹೋಲಿಸಿತು, ಹೆಸರು ಹೇಳಿತು. ಮೊದಲನೆಯದಕ್ಕೆ ಮೆಚ್ಚುಗೆ ಸಿಕ್ಕಿತು, ಎರಡನೆಯದಕ್ಕೆ ಗದರಿಕೆ.

ಮಕ್ಕಳು ಮೈಬಣ್ಣ ಗಮನಿಸುವುದು ಕೆಟ್ಟ ಗುಣವಲ್ಲ, ಅದು ಅವಲೋಕನ. ಅದಕ್ಕೆ ಮೇಲು-ಕೀಳು ಸೇರಿಸುವವರು ನಾವು. ಆದ್ದರಿಂದ ಮಗುವಿನ ಪ್ರಶ್ನೆಯನ್ನು ಅಡಗಿಸದೆ ನೇರವಾಗಿ ಉತ್ತರಿಸುವುದು, ಉತ್ತರದಲ್ಲಿ ಮೇಲು-ಕೀಳು ನುಸುಳದಂತೆ ನೋಡಿಕೊಳ್ಳುವುದು, ಈ ಎರಡೂ ತಂದೆ-ತಾಯಿಯ ಕೆಲಸ, ಶಿಕ್ಷಕರ ಕೆಲಸ. ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಯಾಗಿ ನಾನು ಓದಿದ್ದನ್ನೂ ಶಾಲಾ ಅನುಭವದ ದಿನಗಳಲ್ಲಿ ಕಂಡದ್ದನ್ನೂ ಸೇರಿಸಿ ಇದನ್ನು ಇಲ್ಲಿ ವಿವರಿಸಿದ್ದೇನೆ.

ಮಗು ಯಾವಾಗಿನಿಂದ ಗಮನಿಸುತ್ತದೆ?

“ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ” ಎನ್ನುವುದು ಸಾಮಾನ್ಯ ನಂಬಿಕೆ. ಅದು ಸರಿಯಲ್ಲ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಬಿಳಿಯ ಕುಟುಂಬಗಳ ಶಿಶುಗಳಿಗೆ ಬೇರೆ ಬೇರೆ ಜನಾಂಗದವರ ಮುಖಗಳನ್ನು ತೋರಿಸಿದರು. ಆಗತಾನೇ ಹುಟ್ಟಿದ ಶಿಶುಗಳು ಯಾವ ಮುಖದ ಕಡೆಗೂ ವಿಶೇಷ ಒಲವು ತೋರಲಿಲ್ಲ. ಮೂರು ತಿಂಗಳ ಶಿಶುಗಳು ಮಾತ್ರ ತಮ್ಮ ಸುತ್ತ ದಿನವೂ ಕಾಣುವಂಥ ಮುಖಗಳನ್ನು ಹೆಚ್ಚು ಹೊತ್ತು ನೋಡಿದವು. ಒಲವು ಹುಟ್ಟಿನಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು ಎಂಬುದು ಇದರಿಂದ ತಿಳಿಯುತ್ತದೆ.

ಎರಡರಿಂದ ಏಳು ವರ್ಷದ ಹಂತವನ್ನು ಪಿಯಾಜೆ ಪೂರ್ವ ಕಾರ್ಯಾಚರಣಾ ಹಂತ ಎಂದು ಕರೆದದ್ದನ್ನು ನಾವೆಲ್ಲ ಓದಿದ್ದೇವೆ. ಈ ವಯಸ್ಸಿನ ಮಗು ಕಣ್ಣಿಗೆ ಎದ್ದು ಕಾಣುವ ಒಂದೇ ಲಕ್ಷಣ ಹಿಡಿದು ವಸ್ತುಗಳನ್ನು ಗುಂಪು ಮಾಡುತ್ತದೆ. ಮನುಷ್ಯರಲ್ಲಿ ಎದ್ದು ಕಾಣುವ ಲಕ್ಷಣಗಳಲ್ಲಿ ಮೈಬಣ್ಣವೂ ಒಂದು. ಜೊತೆಗೆ ಮಗು ಪ್ರತಿಯೊಂದಕ್ಕೂ ತನ್ನದೇ ಕಾರಣ ಕಟ್ಟಿಕೊಳ್ಳುತ್ತದೆ. “ಸ್ನಾನ ಮಾಡಿಲ್ಲ, ಅದಕ್ಕೆ ಕಪ್ಪು”, “ಸೋಪು ಹಾಕಿ ತಿಕ್ಕಿದ್ರೆ ಹೋಗುತ್ತೆ” ಎನ್ನುವುದು ಇಂಥ ಕಾರಣಗಳು. ಇದರಲ್ಲಿ ದುರುದ್ದೇಶವಿಲ್ಲ. ಆದರೆ ಯಾರೂ ಸರಿಯಾದ ಕಾರಣ ಹೇಳದಿದ್ದರೆ ಕಪ್ಪು ಎಂದರೆ ಕೊಳೆ ಎಂಬ ತಪ್ಪು ಕಲ್ಪನೆ ಮಗುವಿನಲ್ಲಿ ಹಾಗೇ ಉಳಿಯುತ್ತದೆ.

ಮೇಲು-ಕೀಳು ಸೇರುವುದು ಎಲ್ಲಿ?

ನಮ್ಮ ಮನೆಗಳಲ್ಲಿ ಯಾರೂ ಮಕ್ಕಳನ್ನು ಕೂರಿಸಿಕೊಂಡು “ಬಿಳಿ ಮೇಲು, ಕಪ್ಪು ಕೀಳು” ಎಂದು ಪಾಠ ಮಾಡುವುದಿಲ್ಲ. ಆದರೂ ಮಕ್ಕಳು ಕಲಿಯುತ್ತಾರೆ. ನಾವಾಡುವ ಮಾತನ್ನು ಸ್ವಲ್ಪ ಗಮನಿಸಿದರೆ ಹೇಗೆಂದು ತಿಳಿಯುತ್ತದೆ.

“ಹುಡುಗಿ ಕಪ್ಪಗಿದ್ರೂ ಲಕ್ಷಣವಾಗವ್ಳೆ.” ಇದು ಹೊಗಳಿಕೆಯೆಂದೇ ಹೇಳುವ ಮಾತು. ಆದರೆ ಆ ‘ರೂ’ ಎಂಬ ಒಂದಕ್ಷರವನ್ನು ನೋಡಿ. ಕಪ್ಪಗಿರುವುದು ಒಂದು ಕೊರತೆ, ಲಕ್ಷಣ ಆ ಕೊರತೆಯನ್ನು ತುಂಬಿಕೊಟ್ಟಿದೆ ಎಂಬ ಅರ್ಥ ಅದರಲ್ಲಿದೆ. “ಬೆಳ್ಳಗಿದ್ರೂ ಲಕ್ಷಣವಾಗವ್ಳೆ” ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ “ಮಗು ಕಲರ್ ಆಗಿದೆ” ಎಂದರೆ ಬೆಳ್ಳಗಿದೆ ಎಂದೇ ಅರ್ಥ. ಕಪ್ಪು ಬಣ್ಣವೇ ಅಲ್ಲವೇನೋ ಎಂಬಂತೆ! “ಕಾಫಿ ಕುಡಿದ್ರೆ ಕಪ್ಪಗಾಗ್ತೀಯ” ಎಂದು ಕಾಫಿ ಬೆಳೆಯುವ ನಮ್ಮ ಹಾಸನ ಜಿಲ್ಲೆಯಲ್ಲೂ ಮಕ್ಕಳನ್ನು ಹೆದರಿಸುತ್ತಾರೆ. ಕಾಫಿ ಬೇಡವೆನ್ನಲು ಬೇರೆ ಕಾರಣ ಬೇಕಾದಷ್ಟಿವೆ. ಇಲ್ಲಿ ಮಗು ಕಲಿಯುವುದು ಕಪ್ಪಗಾಗುವುದು ಒಂದು ಶಿಕ್ಷೆ ಎಂದು.

ಅಂಗಡಿ ಮತ್ತು ಟಿ.ವಿ.ಯ ಪಾಲೂ ಇದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದ ಹೋಗಿ ‘ಗ್ಲೋ’ ಬಂದದ್ದು 2020ರಲ್ಲಿ. ಅಂದರೆ ಇಂದಿನ ತಂದೆ-ತಾಯಿಯರು ಬಾಲ್ಯದುದ್ದಕ್ಕೂ ಹಳೆಯ ಹೆಸರನ್ನೇ ಕೇಳಿ ಬೆಳೆದವರು. ಶಾಲೆಯೂ ಇದರಿಂದ ಹೊರಗಿಲ್ಲ. ಕೃಷ್ಣ ಎಂಬ ಪದದ ಅರ್ಥವೇ ಕಪ್ಪು. ಆದರೂ ಶಾಲೆಯ ಕಾರ್ಯಕ್ರಮದಲ್ಲಿ ಕೃಷ್ಣನ ವೇಷಕ್ಕೆ ಬೆಳ್ಳಗಿರುವ ಮಗುವನ್ನು ಆರಿಸಿ, ಅದರ ಮುಖಕ್ಕೆ ನೀಲಿ ಬಳಿಯುವುದನ್ನು ನಾವೆಲ್ಲ ನೋಡಿದ್ದೇವೆ.

ಹಿಂದೆ ನಮ್ಮ ಕಡೆ ಬಣ್ಣವನ್ನು ಹೆಸರಾಗಿಯೇ ಇಡುತ್ತಿದ್ದರು. ಕರೀಗೌಡ, ಕರಿಯಪ್ಪ, ಕಾಳಮ್ಮ, ಕೆಂಪೇಗೌಡ, ಕೆಂಪಮ್ಮ ಎಂಬ ಹೆಸರುಗಳು ಹಳೆಯ ಪಹಣಿಗಳಲ್ಲೂ ಮತದಾರರ ಪಟ್ಟಿಗಳಲ್ಲೂ ಈಗಲೂ ಸಿಗುತ್ತವೆ. ಕರಿಯಮ್ಮ ಎಂಬ ಗ್ರಾಮದೇವತೆಗೆ ಊರೇ ಕೈಮುಗಿಯುತ್ತದೆ. ಇಂದು ಶಾಲೆಯ ಹಾಜರಾತಿ ಪುಸ್ತಕದಲ್ಲಿ ಆ ಹೆಸರುಗಳು ಕಾಣುವುದು ಅಪರೂಪ, ‘ಕರಿಯ’ ಎಂಬುದು ಆಟದ ಬಯಲಿನಲ್ಲಿ ಬೈಗುಳವಾಗಿ ಮಾತ್ರ ಉಳಿದಿದೆ.

ಇನ್ನೊಂದು ವಿಷಯವನ್ನು ಮರೆಮಾಚಬಾರದು. ನಮ್ಮಲ್ಲಿ ಮೈಬಣ್ಣದ ಮಾತು ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಜಾತಿಯ ಊಹೆ ಇರುತ್ತದೆ, ಬಿಸಿಲಿನಲ್ಲಿ ದುಡಿಯುವವರ ಬಗ್ಗೆ ತಾತ್ಸಾರ ಇರುತ್ತದೆ, ಹೆಣ್ಣುಮಗುವಾದರೆ ಮದುವೆಯ ಚಿಂತೆಯೂ ಸೇರುತ್ತದೆ. ಒಂದೇ ಜಾತಿಯಲ್ಲಿ, ಒಂದೇ ಮನೆಯಲ್ಲಿ ಎಲ್ಲ ಬಣ್ಣದವರೂ ಇರುವುದು ಕಣ್ಣೆದುರಿಗೇ ಇದ್ದರೂ ಊಹೆ ನಿಲ್ಲುವುದಿಲ್ಲ. ಹೊಗೆಸೊಪ್ಪು, ಶುಂಠಿ, ಆಲೂಗೆಡ್ಡೆ ಹೊಲಗಳಲ್ಲಿ ದುಡಿಯುವ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಕಪ್ಪನ್ನು ಹೀಗಳೆಯುವ ಪ್ರತಿಯೊಂದು ಮಾತೂ ಅವರ ತಾಯಿಗೆ ತಗಲುತ್ತದೆ.

ನಲಿ-ಕಲಿ ತರಗತಿಯಲ್ಲಿ ಕಂಡದ್ದು

ಶಾಲಾ ಅನುಭವಕ್ಕೆ ಹೋಗಿದ್ದಾಗ ನನ್ನ ಪಾಠಗಳು ಆರು ಮತ್ತು ಏಳನೇ ತರಗತಿಗೆ ಇದ್ದವು. ಬಿಡುವಿನ ಅವಧಿಯಲ್ಲಿ ನಲಿ-ಕಲಿ ತರಗತಿಯಲ್ಲಿ ಕುಳಿತು ಅವಲೋಕನ ಮಾಡುತ್ತಿದ್ದೆ. ಒಂದು ದಿನ ಮಕ್ಕಳು ‘ನಾನು’ ಎಂಬ ಚಿತ್ರ ಬರೆಯುತ್ತಿದ್ದರು. ಒಂದೇ ಕ್ರೆಯಾನ್ ಕೈಯಿಂದ ಕೈಗೆ ಹೋಗುತ್ತಿತ್ತು. ತಿಳಿ ಗುಲಾಬಿ-ಕಿತ್ತಳೆ ಬಣ್ಣದ್ದು. ಎರಡನೇ ತರಗತಿಯ ಒಬ್ಬಳು ಹುಡುಗಿ ಅದಕ್ಕಾಗಿ ಕಾಯುತ್ತಾ ಕುಳಿತಿದ್ದಳು. ಕಂದು ಬಣ್ಣದ ಕ್ರೆಯಾನ್ ಅವಳ ಮುಂದೆಯೇ ಇತ್ತು. ಅದನ್ನು ಮರದ ಕಾಂಡಕ್ಕೆ ಹಚ್ಚಿ ಮುಗಿಸಿದ್ದಳು. “ಆ ಬಣ್ಣ ನಿನ್ನ ಕೈಯ ಥರ ಇದೆಯಾ, ನೋಡು” ಎಂದೆ. ಕೈ ನೋಡಿಕೊಂಡು, “ಇಲ್ಲ ಮಿಸ್. ಅದು ನನ್ನ ಬಣ್ಣ ಅಲ್ಲ, ಮುಖದ ಬಣ್ಣ” ಎಂದಳು.

ಅವಳ ಕಣ್ಣು ಸರಿಯಾಗಿಯೇ ನೋಡಿತ್ತು. ತನ್ನ ಬಣ್ಣ ಬೇರೆ, ‘ಮುಖ’ಕ್ಕೆ ಇರಬೇಕಾದ ಬಣ್ಣ ಬೇರೆ ಎಂಬುದನ್ನು ಏಳು ವರ್ಷಕ್ಕೇ ಕಲಿತಿದ್ದಳು.

ಇದು ಒಂದು ಊರಿನ ಕಥೆಯಲ್ಲ. ಅಮೆರಿಕದ ಕ್ರೆಯೋಲಾ ಕಂಪನಿ ಇಂಥದೇ ತಿಳಿ ಬಣ್ಣಕ್ಕೆ ‘ಫ್ಲೆಶ್’ ಎಂದು ಹೆಸರಿಟ್ಟಿತ್ತು. 1962ರಲ್ಲಿ ಅದನ್ನು ‘ಪೀಚ್’ ಎಂದು ಬದಲಿಸಿತು. ನಮ್ಮ ಬೆಂಗಳೂರಿನಲ್ಲೂ ಕಾನೂನು ವಿದ್ಯಾರ್ಥಿಯೊಬ್ಬರು ಕ್ರೆಯಾನಿನ ಮೇಲೆ ‘ಸ್ಕಿನ್’ ಎಂದು ಮುದ್ರಿಸಿದ್ದನ್ನು ಪ್ರಶ್ನಿಸಿ ಗ್ರಾಹಕರ ವೇದಿಕೆಗೆ ದೂರು ಕೊಟ್ಟಿದ್ದರು.

ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಅಮೆರಿಕದಲ್ಲಿ ಮಾಡಿದ ಗೊಂಬೆ ಪ್ರಯೋಗ ಶಿಕ್ಷಣ ಮನೋವಿಜ್ಞಾನದಲ್ಲಿ ಪ್ರಸಿದ್ಧ. ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಮತ್ತು ಕಂದು ಗೊಂಬೆಗಳನ್ನು ಇಟ್ಟು ಯಾವುದು ಚೆನ್ನಾಗಿದೆ, ಯಾವುದು ಕೆಟ್ಟದ್ದು, ಯಾವುದು ನಿನ್ನ ಹಾಗಿದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯನ್ನು ಚೆನ್ನಾಗಿದೆ ಎಂದರು, ಕಂದು ಗೊಂಬೆಯನ್ನು ಕೆಟ್ಟದ್ದು ಎಂದರು. ನಂತರ “ನಿನ್ನ ಹಾಗಿರುವುದು ಯಾವುದು?” ಎಂಬ ಪ್ರಶ್ನೆಗೆ ಕೆಲವು ಮಕ್ಕಳು ಅತ್ತುಬಿಟ್ಟರು. ಕಪ್ಪು ಮತ್ತು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಅಧ್ಯಯನವನ್ನೂ ಉಲ್ಲೇಖಿಸಿತು.

ಮಗುವಿಗೆ ಹೇಳಬಹುದಾದ ವಿಜ್ಞಾನ

ಚರ್ಮಕ್ಕೆ ಬಣ್ಣ ಕೊಡುವ ಮುಖ್ಯ ವಸ್ತು ಮೆಲನಿನ್. ಅದನ್ನು ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಕೋಶಗಳು ತಯಾರಿಸುವ ಮೆಲನಿನ್ನಿನ ಪ್ರಮಾಣ, ಬಗೆ ಮತ್ತು ಅದು ಚರ್ಮದಲ್ಲಿ ಹರಡಿಕೊಳ್ಳುವ ರೀತಿ ಬೇರೆಯಾಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳಿಂದ ಮೆಲನಿನ್ ದೇಹವನ್ನು ಕಾಪಾಡುತ್ತದೆ. ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ತಲೆಮಾರುಗಳಿಂದ ಬಾಳಿದವರಿಗೆ ಕಪ್ಪು ಚರ್ಮ ರಕ್ಷಣೆಯಾಯಿತು. ಬಿಸಿಲು ಕಡಿಮೆಯಿರುವ ನಾಡುಗಳಲ್ಲಿ ವಿಟಮಿನ್ ‘ಡಿ’ ತಯಾರಾಗಲು ತಿಳಿಯಾದ ಚರ್ಮ ಅನುಕೂಲವಾಯಿತು. ಮೈಬಣ್ಣವನ್ನು ಅನೇಕ ಜೀನ್‌ಗಳು ಸೇರಿ ನಿರ್ಧರಿಸುವುದರಿಂದ ಒಂದೇ ತಾಯಿಯ ಮಕ್ಕಳೂ ಬೇರೆ ಬೇರೆ ಬಣ್ಣದವರಾಗಿರಬಹುದು.

ಐದು ವರ್ಷದ ಮಗುವಿಗೆ ಇದನ್ನು ಮೂರು ವಾಕ್ಯದಲ್ಲಿ ಹೇಳಬಹುದು. “ನಮ್ಮ ಚರ್ಮದೊಳಗೆ ಮೆಲನಿನ್ ಅನ್ನೋದು ಇರುತ್ತೆ. ಬಿಸಿಲಿಗೆ ಅದು ಕೊಡೆ ಇದ್ದ ಹಾಗೆ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ, ಅದಕ್ಕೇ ಒಬ್ಬೊಬ್ಬರ ಬಣ್ಣ ಒಂದೊಂದು ಥರ.” ನಂತರ ಎಲ್ಲರೂ ಅಂಗೈ ಮತ್ತು ಹೊರಗೈಯನ್ನು ಪಕ್ಕಪಕ್ಕ ಇಟ್ಟು ನೋಡಲಿ. ಒಬ್ಬರ ಮೈಯಲ್ಲೇ ಎರಡು ಬಣ್ಣ ಕಾಣುತ್ತವೆ. ಕೈಗಡಿಯಾರ ಅಥವಾ ಬಳೆಯ ಕೆಳಗಿನ ಚರ್ಮ, ಚಪ್ಪಲಿಯ ಪಟ್ಟಿಯ ಗುರುತು, ತೋಳಿನ ಒಳಭಾಗ ಇವೆಲ್ಲ ಒಳ್ಳೆಯ ಬೋಧನೋಪಕರಣಗಳು, ಖರ್ಚಿಲ್ಲದವು.

ಮನೆಯಲ್ಲಿ ಹೇಗೆ ಉತ್ತರಿಸಬೇಕು?

ಪೋಷಕರ ಸಭೆಯಲ್ಲಿ ನಾವು ಹಂಚಿಕೊಳ್ಳಬಹುದಾದ ನಾಲ್ಕು ಸಂದರ್ಭಗಳು ಇಲ್ಲಿವೆ.

ಮೊದಲನೆಯದು, ಮಗು ಎಲ್ಲರೆದುರು ಕೇಳಿದಾಗ. ಬಾಯಿ ಮುಚ್ಚಿಸಿದರೆ ಕಪ್ಪು ಎನ್ನುವುದೇ ಕೆಟ್ಟ ಮಾತು ಎಂದು ಮಗು ತಿಳಿಯುತ್ತದೆ. ಸಹಜ ದನಿಯಲ್ಲಿ, “ಹೂಂ ಪುಟ್ಟ, ಅಜ್ಜಿ ಬಣ್ಣ ಕಪ್ಪು. ನಮ್ಮ ತಾತಂದೂ ಹಾಗೇ ಅಲ್ವಾ? ನಂದು ಗೋಧಿ ಬಣ್ಣ” ಎಂದರೆ ಸಾಕು. ಬೇರೆಯವರ ಮೈ ಬಗ್ಗೆ ಅವರ ಎದುರಿಗೇ ಬೆರಳು ಮಾಡಿ ಮಾತಾಡಬಾರದು ಎಂಬ ಪಾಠವನ್ನು ಮನೆಗೆ ಹೋದ ಮೇಲೆ ಬೇರೆಯಾಗಿ ಹೇಳಬೇಕು. ಅದು ದಪ್ಪ, ಕುಳ್ಳು, ಕುಂಟು ಎನ್ನುವುದಕ್ಕೂ ಅನ್ವಯಿಸುವ ಮರ್ಯಾದೆಯ ಪಾಠ.

ಎರಡನೆಯದು, “ನಾನು ಯಾಕಮ್ಮ ಕಪ್ಪು? ನಾನೂ ಬೆಳ್ಳಗಾಗ್ಬೇಕು” ಎಂದಾಗ. “ಇಲ್ಲ ಕಂದ, ನೀನೇನು ಕಪ್ಪಲ್ಲ” ಎನ್ನುವುದು ಪ್ರೀತಿಯ ಮಾತು. ಆದರೆ ಕಪ್ಪಗಿರುವುದು ಅಲ್ಲಗಳೆಯಬೇಕಾದ ಸಂಗತಿ ಎಂದು ಅದು ಒಪ್ಪಿಕೊಂಡಂತಾಗುತ್ತದೆ. ಮೊದಲು “ಯಾರಾದ್ರೂ ಏನಾದ್ರೂ ಅಂದ್ರಾ?” ಎಂದು ಕೇಳಬೇಕು. ಇಂಥ ಪ್ರಶ್ನೆಯ ಹಿಂದೆ ಯಾರೋ ಆಡಿದ ಮಾತು ಇರುವ ಸಾಧ್ಯತೆ ಹೆಚ್ಚು. ಆಮೇಲೆ, “ನಿನ್ನ ಬಣ್ಣ ನಿಮ್ಮಪ್ಪನಿಂದ ಬಂದದ್ದು. ನನಗೆ ಅದು ಇಷ್ಟ” ಎನ್ನಬಹುದು.

ಮೂರನೆಯದು, ಮಗು ಬೇರೆ ಮಗುವನ್ನು ಹೀಯಾಳಿಸಿದಾಗ. ಇಲ್ಲಿ ವಿವರಣೆಗಿಂತ ಮೊದಲು ಗೆರೆ ಎಳೆಯಬೇಕು. “ಬಣ್ಣ ನೋಡಿ ಯಾರನ್ನೂ ಆಟದಿಂದ ಬಿಡೋ ಹಾಗಿಲ್ಲ.” ನಂತರ ಕಾರಣ ವಿಚಾರಿಸಬೇಕು.

ನಾಲ್ಕನೆಯದು, ಮನೆಯ ಹಿರಿಯರು ಆಡಿದಾಗ. ಅಜ್ಜಿ ಮಗುವಿಗೆ ಕಡಲೆಹಿಟ್ಟು ಹಚ್ಚಿ ನೀರೆರೆಯುವುದರಲ್ಲಿ ತಪ್ಪಿಲ್ಲ. “ತಿಕ್ಕಿದ್ರೆ ಬಣ್ಣ ಬರುತ್ತೆ” ಎಂಬ ಮಾತು ತೊಂದರೆ. ಸೊಸೆಯಾದವಳು ಎದುರಾಡಿದಂತಾಗದ ಹಾಗೆ, “ಅತ್ತೆ, ಮೈ ನುಣುಪಾಗುತ್ತೆ ಅನ್ನಿ. ಬಣ್ಣ ಬರುತ್ತೆ ಅಂದ್ರೆ ಮಗು ಈಗಿರೋ ಬಣ್ಣ ಚೆನ್ನಾಗಿಲ್ಲ ಅಂದ್ಕೊಳ್ಳುತ್ತೆ” ಎಂದು ಏಕಾಂತದಲ್ಲಿ ಹೇಳಬಹುದು. ಮಗ ಈ ಮಾತು ಹೇಳಿದರೆ ಇನ್ನೂ ಸುಲಭ.

ಶಿಕ್ಷಕರ ಪಾಲಿನದು

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗುವನ್ನು ಬಣ್ಣದಿಂದ ಕರೆದು ಅವಮಾನಿಸುವುದು, ತಮಾಷೆಗೇ ಆದರೂ, ಅದರ ಆಶಯಕ್ಕೆ ವಿರುದ್ಧ. ತರಗತಿಯಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಕ್ರೆಯಾನ್‌ಗಳನ್ನು ಬೆರೆಸಿ ತಮ್ಮ ಕೈಯ ಬಣ್ಣ ತಯಾರಿಸುವ ಚಟುವಟಿಕೆ ಕೊಡಬಹುದು. ಆ ಬಣ್ಣಗಳಿಗೆ ರಾಗಿ ಬಣ್ಣ, ಬೆಲ್ಲದ ಬಣ್ಣ, ತೆಂಗಿನ ಚಿಪ್ಪಿನ ಬಣ್ಣ ಎಂದು ಮಕ್ಕಳೇ ಹೆಸರಿಡಲಿ. ಆದರೆ ಎರಡು ಎಚ್ಚರ ಬೇಕು. ಬೆಳ್ಳಗಿನಿಂದ ಕಪ್ಪಿನವರೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬಾರದು, ಸಾಲು ಎಂದರೆ ಮಕ್ಕಳಿಗೆ ರ‍್ಯಾಂಕ್. ಒಂದೇ ಮಗುವನ್ನು ಎಬ್ಬಿಸಿ ಉದಾಹರಣೆ ಮಾಡಬಾರದು.

ಮೇಲಿನ ತರಗತಿಗಳಲ್ಲಿ ಚರ್ಮದ ಪಾಠದೊಂದಿಗೆ ಸಮಾಜ ವಿಜ್ಞಾನವನ್ನೂ ಜೋಡಿಸಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಸಮುದಾಯದವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. 2003ರಲ್ಲಿ ಈ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ‘ನಮ್ಮವರು’ ಎಂದರೆ ಹೇಗಿರುತ್ತಾರೆ ಎಂಬ ಮಕ್ಕಳ ಚಿತ್ರವನ್ನು ಇಂಥ ಉದಾಹರಣೆ ಹಿಗ್ಗಿಸುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಮುಂದಿನ ಇಂಟರ್ನ್‌ಶಿಪ್‌ನಲ್ಲಿ ಒಂದು ವಾರ ಅವಲೋಕನ ಪುಸ್ತಕದಲ್ಲಿ ಮೂರು ವಿಷಯ ಬರೆದಿಡೋಣ. ಕಾರ್ಯಕ್ರಮದಲ್ಲಿ ಸ್ವಾಗತದ ಆರತಿ ತಟ್ಟೆಯನ್ನು ಯಾರ ಕೈಗೆ ಕೊಡುತ್ತೇವೆ, ಗುಂಪು ಫೋಟೋದಲ್ಲಿ ಯಾರನ್ನು ಮುಂದೆ ನಿಲ್ಲಿಸುತ್ತೇವೆ, ನಮ್ಮದೇ ಮಾತಿನಲ್ಲಿ ಆ ‘ರೂ’ ಎಷ್ಟು ಸಲ ಬಂತು. ವಾರದ ಕೊನೆಗೆ ಮಾರ್ಗದರ್ಶಕ ಶಿಕ್ಷಕರೊಂದಿಗೆ ಕುಳಿತು ಆ ಪುಟವನ್ನು ಓದಿದರೆ, ಪೋಷಕರ ಸಭೆಯಲ್ಲಿ ಯಾವ ಮಾತಿನಿಂದ ಆರಂಭಿಸಬೇಕು ಎಂಬುದು ಅದರಲ್ಲೇ ಸಿಗುತ್ತದೆ.