ಎಳೆಯುವ ಶಕ್ತಿಯೂ ಹೊರೆಯ ಮಿತಿಯೂ: ಟ್ರೇಲರ್ ಸಾಗಣೆಯ ಲಾಭ-ನಷ್ಟ

ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ ಹಾಗೂ ಜೇವರ್ಗಿ ಭಾಗದ ಮಳ್ಳಿಯ ಸಕ್ಕರೆ ಕಾರ್ಖಾನೆಗಳತ್ತ ಟ್ರ್ಯಾಕ್ಟರ್-ಟ್ರೇಲರ್‌ಗಳು ಸಾಲುಗಟ್ಟುತ್ತವೆ. ಅದೇ ಚಳಿಗಾಲದಲ್ಲಿ ತೊಗರಿಯೂ ಮಾರುಕಟ್ಟೆಯತ್ತ ಹೊರಡುತ್ತದೆ. "ಐವತ್ತು ಎಚ್.ಪಿ. ಎಂಜಿನ್ ಇದೆ, ಎಷ್ಟು ಹೇರಿದರೂ ಎಳೆಯುತ್ತದೆ" ಎಂಬುದು ಸಾಗಣೆ ವಲಯದಲ್ಲಿ ರೂಢಿಯಾಗಿರುವ ಮಾತು. ಈ ಮಾತು ಅರ್ಧಸತ್ಯ.

ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ವಾಹನದ ಎಳೆತದ ಮಿತಿಯನ್ನು ಎಂಜಿನ್ ಒಂದೇ ನಿರ್ಧರಿಸುವುದಿಲ್ಲ. ಬ್ರೇಕ್, ಟೈರು, ಅಚ್ಚು ಮತ್ತು ಕೊಂಡಿ ಇವುಗಳಲ್ಲಿ ಯಾವುದು ದುರ್ಬಲವೋ ಅದೇ ಮಿತಿ. ವೇಗ ಇಮ್ಮಡಿಯಾದರೆ ನಿಲ್ಲಿಸಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ಇಳಿಜಾರಿನಲ್ಲಿ ಮುಂದಿನ ವಾಹನವನ್ನು ದೂಡುತ್ತದೆ. ಕೊಂಡಿಯ ಮೇಲೆ ಅತಿಭಾರ ಬಿದ್ದರೆ ಮುಂಗಾಲಿಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಎಸ್‌ಯುವಿಯಂತಹ ವಾಹನಗಳಿಗೂ ಇದೇ ನಿಯಮ. ಐರೋಪ್ಯ ಒಕ್ಕೂಟದಲ್ಲಿ ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ 750 ಕಿಲೋ ಮೀರುವಂತಿಲ್ಲ.

ಕಾಯ್ದೆಯ ದೃಷ್ಟಿ

ಟ್ರೇಲರಿಗೆ ಪ್ರತ್ಯೇಕ ನೋಂದಣಿ ಪತ್ರವಿರುತ್ತದೆ. ಅದರಲ್ಲಿ ನಮೂದಾದ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ಹೇರಬಹುದಾದ ಸರಕು. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನ ಪ್ರಕಾರ ಅತಿಭಾರಕ್ಕೆ 20,000 ರೂ. ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಹಾಗೂ ಸರಕು ಇಳಿಸುವ ವೆಚ್ಚ ತೆರಬೇಕಾಗುತ್ತದೆ. ಹೆಚ್ಚುವರಿ ಹೊರೆ ಇಳಿಸುವವರೆಗೆ ವಾಹನ ಕದಲುವಂತಿಲ್ಲ. ಚಾಲಕನಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣರಾದವರೂ ಅವಕಾಶ ಕೊಟ್ಟವರೂ ಹೊಣೆಗಾರರು. ಮಾಲೀಕನಿಗೆ ತಿಳಿದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಲು 113ನೆಯ ಕಲಮು ಅವಕಾಶ ನೀಡುತ್ತದೆ.

ಒಂದು ಉದಾಹರಣೆ

ಒಟ್ಟು ತೂಕ 8 ಟನ್, ಖಾಲಿ ತೂಕ 2 ಟನ್ ಎಂದು ನಮೂದಾದ ಟ್ರೇಲರಿಗೆ 6 ಟನ್ ಬದಲು 9 ಟನ್ ಹೇರಲಾಯಿತು ಎಂದಿಟ್ಟುಕೊಳ್ಳೋಣ. ಬಾಡಿಗೆ ಟನ್ನಿಗೆ 300 ರೂ. ಆದರೆ ಅಧಿಕ ಆದಾಯ 900 ರೂ. ಒಮ್ಮೆ ಸಿಕ್ಕಿಬಿದ್ದರೆ ದಂಡವೇ 26,000 ರೂ. ಅಂದರೆ ಸುಮಾರು 29 ಸುತ್ತುಗಳ 'ಲಾಭ' ಒಂದೇ ದಿನದಲ್ಲಿ ಹೋಗುತ್ತದೆ. ಕಾನೂನು ಉಲ್ಲಂಘನೆಗೆ ತೆತ್ತ ಇಂತಹ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲೂ ಬರುವುದಿಲ್ಲ. ಟೈರು ಸವೆತ, ಇಂಧನ, ಅಚ್ಚು ಮುರಿತದ ಖರ್ಚು ಇದರ ಹೊರತು.

ವಿಮೆಯ ವಿಷಯವೂ ಗಂಭೀರ. ಕೃಷಿ ಉಪಯೋಗಕ್ಕೆಂದು ವಿಮೆ ಮಾಡಿಸಿದ ಟ್ರೇಲರಿನಲ್ಲಿ ಬಾಡಿಗೆಗೆ ವ್ಯಾಪಾರದ ಸರಕು ಸಾಗಿಸುವಾಗ ಅಪಘಾತವಾದರೆ ಪರಿಹಾರಕ್ಕೆ ತಕರಾರು ಏಳಬಹುದು. ಹೊರೆ ಕೊನೆಗೆ ಮಾಲೀಕನ ಹೆಗಲಿಗೇ ಬರಬಹುದು. ರಾತ್ರಿ ವೇಳೆ ಹಿಂದೀಪವಿಲ್ಲದೆ ನಿಂತ ಟ್ರೇಲರಿಗೆ ಬೈಕ್ ಸವಾರ ಬಡಿದಾಗ ಆಗುವ ಪ್ರಾಣಹಾನಿಯನ್ನಂತೂ ಯಾವ ಲೆಕ್ಕಪುಸ್ತಕವೂ ಸರಿದೂಗಿಸಲಾರದು.

ವರ್ತಕರು ಗಮನಿಸಬೇಕಾದವು

1. ಸರಕು ಹೇರುವ ಮುನ್ನ ಎಳೆಯುವ ವಾಹನ ಮತ್ತು ಟ್ರೇಲರ್ ಎರಡರ ನೋಂದಣಿ ಪತ್ರ ಹಾಗೂ ವಿಮೆಯ ಪ್ರತಿ ಪಡೆಯುವುದು.
2. ಕಾಟಾ ಚೀಟಿಯನ್ನು ಬಿಲ್ಲಿನೊಂದಿಗೆ ಕಡತದಲ್ಲಿಡುವುದು.
3. ಬಾಡಿಗೆ ಕರಾರಿನಲ್ಲಿ ತೂಕದ ಮಿತಿಯನ್ನು ಸ್ಪಷ್ಟವಾಗಿ ಬರೆಯುವುದು.
4. ಬ್ರೇಕ್, ಕೊಂಡಿಯ ಪಿನ್ನು, ಹಿಂದೀಪ ಮತ್ತು ಪ್ರತಿಫಲಕ ಪಟ್ಟಿಗಳನ್ನು ಹಂಗಾಮಿಗೆ ಮುನ್ನವೇ ಪರೀಕ್ಷಿಸುವುದು.

ಒಂದು ಸುತ್ತು ಹೆಚ್ಚು ಓಡಿಸುವ ಖರ್ಚು ಮೊದಲೇ ತಿಳಿದಿರುತ್ತದೆ. ಅತಿಭಾರದ ಖರ್ಚು ತಿಳಿಯುವುದು ಅವಘಡ ಸಂಭವಿಸಿದ ಮೇಲೆ. ಲೆಕ್ಕ ಬಲ್ಲ ವ್ಯಾಪಾರಿ ಆರಿಸಿಕೊಳ್ಳಬೇಕಾದುದು ಮೊದಲನೆಯದನ್ನೇ.